ಒಂದು ಸಾಲು ಹಿಂದೆ

ಕರ್ಚೀಫಿನಿಂದ ಎಣ್ಣೆಯ ವಾಸನೆ, ಮಕ್ಕಳ ಹೊಟ್ಟೆನೋವಿಗೆ ಹಚ್ಚುತ್ತಾರಲ್ಲ ಆ ಹಸಿರು ಸೀಸೆಯ ಖಾರ ಎಣ್ಣೆ, ಉಸಿರಿನ ಸದ್ದು ಕೇಳದಿರಲೆಂದು ಯಾರದೋ ಕರ್ಚೀಫನ್ನು ಮೈಕಿನ ತಲೆಗೆ ಸುತ್ತಿದ್ದಾರೆ, ಉಸಿರೆಳೆದಾಗಲೆಲ್ಲ ಅದು ಮೂಗಿಗೇರಿ ಕಣ್ಣು ಚುರುಗುಟ್ಟುತ್ತದೆ, ಎದುರಿಗೆ ಕೂತವರು ಬು ಜುಮ್ ಅಳ್ತಿದಾರೆ, ಜುಮ್ ಅಮ್ಮ ಅಳ್ತಿದಾರೆ ಅಂದುಕೊಂಡಾರು, ಅಂದುಕೊಳ್ಳಲಿ, ಓದುವಾಗ ಕಣ್ಣು ತುಂಬುವುದು ಒಳ್ಳೆಯ ಓದುಗಾರ್ತಿಯ ಲಕ್ಷಣ ಎಂದು ಹುಡುಗಿಯರಿಗೆ ಹೇಳಿಕೊಟ್ಟವಳು ತಾನೇ, ಈಗ ಎಣ್ಣೆಯ ಪುಣ್ಯದಿಂದ ಆ ಲಕ್ಷಣವೂ ಬಂತು — ನಾಲಿಗೆ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಲೇ ಇದೆ, ಜುಮ್ರೊತುನ್‌ಳನ್ನು ಒಂದು ಮಾತು ಕೇಳುವ ಗೋಜಿಗೂ ಹೋಗದೆ, ಪುಸ್ತಕವಿಲ್ಲ, ಮುಂದೆ ಬರಿಯ ಚಾಪೆ, ಬೆಳಗಿನ ನಮಾಜು ಮುಗಿದಾಗಿನಿಂದ ಈ ಹಲಗೆ ನೆಲದ ಮಸೀದಿಯಲ್ಲಿ ಪವಿತ್ರ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ನೆನಪಿನಿಂದಲೇ ಹೇಳುತ್ತಿದ್ದಾರೆ, ಕಂಠಪಾಠವಿರುವ ಮೂವರು ಹೆಂಗಸರು ಸರದಿಯಲ್ಲಿ, ಊರಿನ ಉಳಿದ ಹೆಂಗಸರು ಗ್ರಂಥ ಬಿಚ್ಚಿಕೊಂಡು ಜೊತೆಜೊತೆಗೆ ನೋಡುತ್ತ, ತಪ್ಪಿದರೆ ತಿದ್ದಬೇಕು, ತಪ್ಪದಿದ್ದರೆ ಸುಮ್ಮನೆ ಕೇಳಬೇಕು, ಅದೇ ಪುಣ್ಯ. ಮಸೀದಿಯ ನೆಲವನ್ನು ಮತ್ತೊಮ್ಮೆ ಏರಿಸಿದ್ದಕ್ಕೆ ಕೃತಜ್ಞತೆಯ ಓದು ಇದು, ಸಮುದ್ರ ಏರಿದಂತೆಲ್ಲ ಊರಿನವರೂ ನೆಲ ಏರಿಸುತ್ತ ಬಂದಿದ್ದಾರೆ, ಈಗ ಬಾಗಿಲು ಎದೆಮಟ್ಟಕ್ಕೆ ಬಂದುಬಿಟ್ಟಿದೆ, ಬಡವ ಬಲ್ಲಿದ ಎಲ್ಲರೂ ನಡು ಬಗ್ಗಿಸಿಯೇ ಒಳಗೆ ಬರಬೇಕು, ಹಲಗೆಯ ಕೆಳಗೆ ನೀರು ತಳಬುಳ ಎನ್ನುತ್ತದೆ. ಇನ್ನೇನು, ಕೊನೆಯ ಭಾಗ, ಸೂರ್ಯ ಕಂತುವುದರೊಳಗೆ ಮುಗಿಯುತ್ತದೆ, ಮುಗಿದ ಮೇಲೆ ಮೂವರಲ್ಲಿ ಹಿರಿಯರಾದ ಹಾಜ್ಜಾ ಮಸ್ತುರಾ ಅವರ ಕೈ ಹಿಡಿದು ಹೇಳಿಬಿಡುವುದು, ಬು ಹಾಜ್ಜಾ, ಇನ್ನು ನನ್ನ ಕೈಲಾಗಲ್ಲ, ಗಂಟಲು ಸರಿಯಿಲ್ಲ, ಮುಂದಿನ ಸಲದಿಂದ ಬೇರೆಯವರನ್ನ ಕೂರಿಸಿ. ಗಂಟಲಿಗೆ ಏನೂ ಆಗಿಲ್ಲ. ಗಂಟಲಿನಷ್ಟು ಗಟ್ಟಿ ಅವಳಲ್ಲಿ ಇನ್ನೇನೂ ಉಳಿದಿಲ್ಲ.

ಏನಾಗಿದೆ ನಿನಗೆ ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದಳೋ, ಯಾರೂ ಕೇಳಲಿಲ್ಲ, ಕೇಳುವ ಹಾಗೆ ಅವಳು ಇರಲೂ ಇಲ್ಲ, ಐದು ಹೊತ್ತಿನ ನಮಾಜು ತಪ್ಪಿಲ್ಲ, ಉಪವಾಸ ತಪ್ಪಿಲ್ಲ, ಸಂಜೆ ಹುಡುಗಿಯರ ಪಾಠ ತಪ್ಪಿಲ್ಲ, ಎಲ್ಲ ಇದ್ದಲ್ಲೇ ಇದೆ, ಆದರೆ ಆಚೆ ಕಡೆಯವರು ಫೋನ್ ಇಟ್ಟ ಮೇಲೂ ಈಚೆಯಿಂದ ಹಲೋ ಹಲೋ ಎನ್ನುತ್ತಿರುತ್ತಾರಲ್ಲ, ಹಾಗಾಗಿದೆ, ಹೋದ ರಮ್ಜಾನಿಗೆ ಮುಂಚಿನಿಂದ ಹಾಗೇ, ಕಾಂಗ್ ಎಂದೇ ಕರೆಯುತ್ತಿದ್ದ ಗಂಡ ಮಸ್ಕುರ್ ತೀರಿಕೊಂಡು ನಲವತ್ತನೆಯ ದಿನದ ದುವಾ ಮುಗಿದು, ಪಾತ್ರೆಗಳನ್ನೆಲ್ಲ ಅವರವರ ಮನೆಗೆ ಹಿಂತಿರುಗಿಸಿ, ಒಬ್ಬಳೇ ಚಾಪೆ ಹಾಸಿಕೊಂಡು ಓದಲು ಕೂತಾಗ ಗೊತ್ತಾಯಿತು, ಮಾತು ಹೋಗುತ್ತಿದೆ, ಎಲ್ಲಿಗೂ ಮುಟ್ಟುತ್ತಿಲ್ಲ. ಮೊದಲು ದುಃಖ ಅಂದುಕೊಂಡಳು, ಗಂಡ ಸತ್ತರೆ ದುಃಖವಾಗದೆ ಇರುತ್ತದೆಯೇ, ದುಃಖ ಆಮೇಲೆ ಆಮೇಲೆ ತಿಳಿಯಾಯಿತು, ಮೀನು ಕೊಳ್ಳುವಾಗ ಚೌಕಾಸಿ ಮಾಡುವಷ್ಟು, ನೆರೆಮನೆಯವಳ ಜಗಳ ಕೇಳಿ ನಗುವಷ್ಟು ಜೀವ ತಿರುಗಿ ಬಂತು, ಇದು ಮಾತ್ರ ಬರಲಿಲ್ಲ. ಒಂದು ದಿನ ಗುರುಗಳ ಹತ್ತಿರ ಹೋಗಿ ನನ್ನ ಗೆಳತಿಯೊಬ್ಬಳಿಗೆ ಹೀಗಾಗಿದೆ ಎಂದು ಕೇಳಿದಳು, ಇಷ್ಟು ವಯಸ್ಸಾದ ಮೇಲೂ ಗೆಳತಿಯ ಹೆಸರು ಹೇಳಿ ಔಷಧ ಕೇಳುವ ಬುದ್ಧಿ, ಅವರು ತಲೆಯಾಡಿಸಿ, ನಿಮ್ಮ ಗೆಳತಿಗೆ ಹೇಳಿ ಬು, ಇನ್ನೂ ಜಾಸ್ತಿ ಓದಲಿ ಅಂತ. ಗೆಳತಿ ಜಾಸ್ತಿ ಓದಿದಳು. ಬಾಯಿಗೆ ರುಚಿಯಿಲ್ಲ ಎಂದವಳಿಗೆ ಇನ್ನೊಂದು ಸೌಟು ಬಡಿಸಿದ ಹಾಗಾಯಿತು ಅಷ್ಟೇ, ಪಾಪ, ಅವರ ತಪ್ಪಲ್ಲ.

ನಾಲಿಗೆ ಈಗ ಆಕಾಶ ಸೀಳುವ ಅಧ್ಯಾಯವನ್ನು ದಾಟಿತು, ತೂಕದಲ್ಲಿ ಮೋಸ ಮಾಡುವವರ ಅಧ್ಯಾಯ ಅದಕ್ಕೂ ಮೊದಲೇ ಆಯಿತು, ಇಲ್ಲಿಂದ ಮುಂದೆ ಅಧ್ಯಾಯಗಳು ಗಿಡ್ಡವಾಗುತ್ತ ಹೋಗುತ್ತವೆ, ಇಳಿಜಾರು, ಕಾಲಿಗೆ ಕೆಲಸವಿಲ್ಲ, ಕವಲುಗಳೂ ಕಡಿಮೆ — ಕವಲಿನ ಭಯ ಏನೆಂದು ಕಂಠಪಾಠ ಮಾಡಿದವರಿಗೇ ಗೊತ್ತು, ಗ್ರಂಥದಲ್ಲಿ ಒಂದೇ ಬಗೆಯ ಸಾಲು ನಾಲ್ಕು ಕಡೆ ಬರುತ್ತದೆ, ಮುಂದಿನ ಸಾಲು ಮಾತ್ರ ಬೇರೆ ಬೇರೆ, ಮನಸ್ಸು ಒಂದು ಚಣ ಆಚೀಚೆ ಆದರೆ ಸಾಕು, ಈ ಅಧ್ಯಾಯದಲ್ಲಿ ಹೊರಟವಳು ಆ ಅಧ್ಯಾಯದಲ್ಲಿ ನಡೆಯುತ್ತಿರುತ್ತಾಳೆ, ದಾರಿ ತಪ್ಪಿದ್ದು ಗೊತ್ತೇ ಆಗುವುದಿಲ್ಲ, ಪದಗಳೆಲ್ಲ ಸರಿಯಾಗಿಯೇ ಇರುತ್ತವೆ, ಊರು ಬೇರೆ. ಹಳೆಯ ಮದರಸಾದ ನ್ಯಾಯಿ, ಗುರುವಮ್ಮ, ಬೆತ್ತದಿಂದ ಚಾಪೆಗೆ ತಟ್ಟುತ್ತಿದ್ದರು, ಒಮ್ಮೆ ತಟ್ಟಿದರೆ ಹಿಂದೆ ಹೋಗು, ಎರಡು ಸಲ ತಟ್ಟಿದರೆ ಎದ್ದು ಹೋಗಿ ಕಲಿತುಕೊಂಡು ಬಾ, ಅಪ್ಪ ಅಮ್ಮ ಇಲ್ಲದ ಹುಡುಗಿ ಜುಮ್ರೊತುನ್, ಎದ್ದು ಹೋಗು ಎಂದರೆ ಹೋಗಲು ಬೇರೆ ಜಾಗವಿಲ್ಲದೆ ಅಡುಗೆಮನೆಯ ಹಿಂದೆ ಸೌದೆ ರಾಶಿಯ ಮೇಲೆ ಕೂತು ಕಲಿಯುತ್ತಿದ್ದಳು, ನ್ಯಾಯಿ ಅಲ್ಲಿಗೇ ಬಂದು ಸೆರಗಿನಲ್ಲಿ ಮುಚ್ಚಿಟ್ಟ ಬೇಯಿಸಿದ ಗೆಣಸು ಕೊಟ್ಟು, ತಿನ್ನು, ಖಾಲಿ ಹೊಟ್ಟೇಲಿ ದೇವರ ಮಾತು ನಿಲ್ಲಲ್ಲ ಎಂದು ಬೈಯುವ ದನಿಯಲ್ಲೇ ಹೇಳಿ ಹೋಗುತ್ತಿದ್ದರು. ಇಂಥವರ ಋಣ ಹೇಗೆ ತೀರಿಸುವುದು, ಅವರಿಗೂ ಈ ಓದಿನ ಪುಣ್ಯ ಸೇರಲಿ, ಸೇರುವುದಾದರೆ.

ಮದುವೆಯಾದ ಮೇಲೆ ಬೆತ್ತ ಹೋಯಿತು, ಗಂಡನ ನಾಲಿಗೆಯ ಲೊಚಗುಟ್ಟುವಿಕೆ ಬಂತು. ಕಂಠಪಾಠವೆಂದರೆ ಒಮ್ಮೆ ಕಲಿತು ಪೆಟ್ಟಿಗೆಯಲ್ಲಿ ಇಡುವಂಥದ್ದಲ್ಲ, ದಿನಾ ಒಪ್ಪಿಸದಿದ್ದರೆ ಓಡಿಹೋಗುತ್ತದೆ, ಒಪ್ಪಿಸಲು ಎದುರಿಗೆ ಒಬ್ಬರು ಬೇಕು, ಕಾಂಗ್ ಮಸ್ಕುರ್‌ಗೆ ಕಂಠಪಾಠವಿರಲಿಲ್ಲ, ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು ಬರುತ್ತಿತ್ತು, ಮಧ್ಯಾಹ್ನ ದೋಣಿ ಕಟ್ಟಿ ಬಂದು ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹರಿದ ಕಣ್ಣು ಹೆಣೆಯುತ್ತ, ಗ್ರಂಥವನ್ನು ಮರದ ಪೀಠದ ಮೇಲೆ ಬಿಚ್ಚಿಟ್ಟುಕೊಂಡು ಕೂರುತ್ತಿದ್ದ, ಅವಳು ಹೇಳುತ್ತ ಹೋಗುವಳು, ತಪ್ಪಿದ ಕೂಡಲೆ ಲೊಚ್, ಕೋಳಿಮರಿ ಕರೆಯುವ ಹಾಗೆ, ದಿಕ್ ಎಂದೇ ಅವಳನ್ನು ಕರೆಯುವುದು, ದಿಕ್, ಯಾವ ಊರಿಗೆ ಹೋಗ್ತಾ ಇದೀಯ, ಅದು ಪಕ್ಕದ ಅಧ್ಯಾಯದ ಬೀದಿ, ಆ ಕಡೆ ನಮಗೆ ನೆಂಟರಿಲ್ಲ, ವಾಪಸ್ ಬಾ. ಕಾಂಗ್, ನೀವು ಬಲೆ ನೋಡ್ತಿದೀರೋ ಪುಸ್ತಕ ನೋಡ್ತಿದೀರೋ. ಎರಡೂ ಒಂದೇ ಕೆಲಸ ಕಣೇ, ತೂತು ಹುಡುಕೋದು. ನಗು ಬಂದು ಓದು ನಿಂತುಬಿಡುತ್ತಿತ್ತು. ಅವಳು ಓದುತ್ತಿದ್ದುದು ದೇವರಿಗೆ, ಅದರಲ್ಲಿ ಅನುಮಾನವಿರಲಿಲ್ಲ, ಆದರೆ ದೇವರ ಕಡೆಯಿಂದ ಕೂತಿರುತ್ತಿದ್ದವನು ಬಲೆ ಹಿಡಿದ ಈ ಮನುಷ್ಯ ಎಂದು ಅವನು ಹೋದ ಮೇಲೆ ಹೊಳೆಯಿತು, ಈಗ ಗೋಡೆಗೆ ಮುಖ ಮಾಡಿ ಒಪ್ಪಿಸುತ್ತಾಳೆ, ಗೋಡೆ ಯಾವತ್ತೂ ತಪ್ಪು ಹುಡುಕುವುದಿಲ್ಲ, ಅದರಷ್ಟು ಬೇಸರ ಇನ್ನೊಂದಿಲ್ಲ. ಗೋರಿಯ ಹತ್ತಿರ ಹೋಗಿ ಒಪ್ಪಿಸೋಣವೆಂದರೆ ಅಲ್ಲಿಗೆ ಹಲಗೆ ಸೇತುವೆಯ ಮೇಲೆ ನಡೆದು ಹೋಗಬೇಕು, ಉಬ್ಬರದ ಹೊತ್ತಿಗೆ ಗೋರಿಗಳ ಮೀಸಾನು ಕಲ್ಲುಗಳ ತಲೆ ಮಾತ್ರ ಕಾಣುತ್ತದೆ, ಮಣ್ಣು ತುಂಬಿ ತುಂಬಿ ಸ್ಮಶಾನವನ್ನೂ ಏರಿಸುತ್ತಿದ್ದಾರೆ, ಊರಿನ ಗಂಡಸರು ಒಳ್ಳೆಯವರು, ಸತ್ತವರನ್ನೂ ನೆನೆಯಲು ಬಿಡುವುದಿಲ್ಲ.

ಬೆಳಿಗ್ಗೆ ಹಾಜ್ಜಾ ಮಸ್ತುರಾ ಇಡೀ ಲೆಕ್ಕ ತಲೆಕೆಳಗು ಮಾಡಿದರು. ಯಾವಾಗಲೂ ಕೊನೆಯ ಭಾಗ ಅವರದು, ಹಿರಿಯರು, ಮೆಕ್ಕಾಗೆ ಹೋಗಿ ಬಂದವರು, ಮುಗಿಸುವ ಗೌರವ ಅವರಿಗೇ, ಈ ಸಲ ಟೀ ಲೋಟ ಕೆಳಗಿಡುತ್ತ, ಜುಮ್, ಕೊನೇದು ನೀನು ತಗೋ ಅಂದರು, ನೋಡಿ, ತಟ್ಟೆಯಲ್ಲಿದ್ದ ಬಾಳೆಹಣ್ಣು ದಾಟಿಸುವಷ್ಟು ಸಲೀಸಾಗಿ. ಬೇಡ ಬು ಹಾಜ್ಜಾ, ಅದು ನಿಮ್ಮದು. ನನ್ನದೇನು ಆಸ್ತೀನಾ, ವರ್ಷ ಆಗ್ತಾ ಬಂತು ನೀನು ಮೂಲೇಲಿ ಕೂತು, ನಿನ್ನ ಯಜಮಾನ್ರು ಪಾಕ್ ಮಸ್ಕುರ್ ಇದ್ದಿದ್ರೆ ಖುಷಿ ಪಡ್ತಿದ್ರು, ತಗೋ. ಹೊಗೆಯಾಡಿಸಿದ ಮೀನಿನ ಸಾರು ಬಡಿಸುತ್ತಿದ್ದವರೆಲ್ಲ ಸೌಟು ಹಿಡಿದು ನಿಂತು ಹೌದು ಹೌದು ಅಂದರು, ಬೇಡವೆನ್ನಲು ಕಾರಣ ಹೇಳಬೇಕು, ಕಾರಣ ಹೇಳುವಂಥದ್ದಲ್ಲ — ಬು ಹಾಜ್ಜಾ, ಆ ಭಾಗದಲ್ಲಿ ಒಂದು ಪುಟ್ಟ ಅಧ್ಯಾಯ ಇದೆ, ಹಗಲೇರುವ ಹೊತ್ತಿನ ಮೇಲೆ ಆಣೆಯಿಟ್ಟು ಶುರುವಾಗತ್ತಲ್ಲ, ಅದನ್ನ ನಾನು ಅವರು ಹೋದಾಗಿನಿಂದ ಬಾಯಿಂದ ಆಡಿಲ್ಲ, ನಮಾಜಿನಲ್ಲೂ ಆಡಿಲ್ಲ, ಹುಡುಗಿಯರು ಒಪ್ಪಿಸೋಕೆ ಬಂದರೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗ್ತೀನಿ. ಹೀಗೆ ಹೇಳಲಾದೀತೇ. ಎಲ್ಲ ಮಕ್ಕಳಿಗೂ ಬರುವ ಅಧ್ಯಾಯ ಅದು.

ಅವನು ಹೋದ ಆ ಮಧ್ಯಾಹ್ನವೂ ಉಬ್ಬರವಿತ್ತು, ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಏರಿಸಿದ್ದರು, ಕಾಂಗ್ ಮಸ್ಕುರ್ ದಿನಗಳಿಂದ ಕಣ್ಣು ಬಿಟ್ಟಿರಲಿಲ್ಲ, ಅವಳು ಕಿವಿಯ ಬಳಿ ಕೂತು ಕೊನೆಯ ಭಾಗ ಹೇಳುತ್ತಿದ್ದಳು, ಅವನಿಗೆ ಇಷ್ಟವಾದ ಗಿಡ್ಡ ಅಧ್ಯಾಯಗಳು, ಇವು ಚೆನ್ನಾಗಿದಾವೆ ಕಣೇ, ಬೇಗ ಊರು ಸೇರ್ತವೆ ಅನ್ನುತ್ತಿದ್ದ — ಆ ಅಧ್ಯಾಯ ಬಂತು, ಕೈಬಿಟ್ಟಿಲ್ಲ ಎನ್ನುವ ಸಾಲು ಆಯಿತು, ಅನಾಥನಿಗೆ ನೆರಳು ಕೊಟ್ಟ ಸಾಲು ಆಯಿತು, ಅದರ ಮುಂದಿನದು, ದಾರಿ ತಪ್ಪಿದವನ ಸಾಲು, ಚಿಕ್ಕ ಸಾಲು, ದಾರಿ ತಪ್ಪಿದ್ದನ್ನು ಹೇಳುವ ಅರ್ಧ ಮುಗಿದು ದಾರಿ ತೋರಿದ್ದನ್ನು ಹೇಳುವ ಒಂದೇ ಒಂದು ಪದ ಉಳಿದಿತ್ತು, ಅಷ್ಟರಲ್ಲಿ ಅವನು ಲೊಚ್ ಎಂದ. ನಿಜವಾಗಿ, ಸ್ಪಷ್ಟವಾಗಿ, ದಿನವೂ ಅನ್ನುತ್ತಿದ್ದ ಹಾಗೇ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಎಚ್ಚರ ಬಂತಲ್ಲ ಎಂದು, ತಪ್ಪಿದೆನೇ ಕಾಂಗ್, ಎಲ್ಲಿ ತಪ್ಪಿದೆ ಎಂದು ನಗುತ್ತ ಬಗ್ಗಿ, ಅಧ್ಯಾಯದ ಮೊದಲಿಗೆ ಹೋಗಿ ಮನಸ್ಸಿನಲ್ಲೇ ಒಂದೊಂದೇ ಪದ ಮುಟ್ಟಿ ನೋಡಿದಳು, ತಪ್ಪೆಲ್ಲೂ ಇರಲಿಲ್ಲ, ಬಾಯಿ ಒಣಗಿ ಬಂದ ಸದ್ದೋ ಏನೋ, ತಪ್ಪು ಹುಡುಕಿ ಮುಗಿಸಿ ಮುಖ ನೋಡಿದಾಗ ಅವನು ಇರಲಿಲ್ಲ. ಆ ಪದ ಬಾಯೊಳಗೇ ಉಳಿಯಿತು. ಅಂದಿನಿಂದ ಅಲ್ಲೇ ಇದ್ದಾಳೆ, ತಪ್ಪಿದ್ದು ಮುಗಿದು ತೋರಿಸುವುದು ಶುರುವಾಗದ ಜಾಗದಲ್ಲಿ. ಇದನ್ನು ಯಾರಿಗೆ ಹೇಳುವುದು, ಗುರುಗಳಿಗೆ ಹೇಳಿದ್ದರೆ ಆ ಪದ ಹೇಳಿಬಿಡಿ ಬು ಅನ್ನುತ್ತಿದ್ದರು, ಸುಲಭವಾಗಿ, ಸರಿಯಾಗಿ.

ನಾಲಿಗೆ ಸೂರ್ಯನ ಅಧ್ಯಾಯ ಮುಗಿಸಿತು, ಮುಂದಿನದು ರಾತ್ರಿಯದು, ಅದು ಆದ ಕೂಡಲೆ ಅದೇ. ಎದುರಿನ ಸಾಲಿನಲ್ಲಿ ಎಲ್ಲರ ಬೆನ್ನೂ ನೆಟ್ಟಗಾಗುತ್ತಿದೆ, ಬಿಳಿಯ ನಮಾಜಿನ ಬಟ್ಟೆಗಳ ಸರಬರ, ಮಲಗಿದ್ದವರನ್ನು ಮೊಣಕೈಯಿಂದ ತಿವಿದು ಎಬ್ಬಿಸುತ್ತಿದ್ದಾರೆ, ಏಯ್ ಏಳೇ, ಬಂತು, ಬಂತು, ಏಕೆಂದರೆ ಆ ಅಧ್ಯಾಯದಿಂದ ಮುಂದೆ ಕೇಳುವವರೂ ಬಾಯಿ ಬಿಡಬಹುದು, ಒಂದೊಂದು ಅಧ್ಯಾಯ ಮುಗಿದಾಗಲೂ ಎಲ್ಲರೂ ಒಂದೇ ಕೊರಳಲ್ಲಿ ದೇವರು ದೊಡ್ಡವನು ಎಂದು ಕೂಗುವುದು ವಾಡಿಕೆ, ಬೆಳಗಿನಿಂದ ಸುಮ್ಮನೆ ಕೂತ ಹೆಂಗಸರಿಗೆ ಅದಕ್ಕಿಂತ ಹಬ್ಬ ಬೇಕೆ, ಯಾಕೆ ಅಲ್ಲಿಂದಲೇ ಎಂದು ಹುಡುಗಿಯರು ಕೇಳಿದರೆ ಅವಳೇ ಹೇಳಿಕೊಡುತ್ತಾಳೆ, ಹಿರಿಯರು ಹೇಳುವ ಹಾಗೆ, ಒಮ್ಮೆ ಪ್ರವಾದಿಗಳಿಗೆ ಮೇಲಿನಿಂದ ಮಾತು ಬರುವುದು ನಿಂತುಹೋಗಿತ್ತಂತೆ, ದಿನಗಟ್ಟಲೆ, ಒಂದು ಸೊಲ್ಲೂ ಇಲ್ಲ, ನಿನ್ನ ದೇವರು ನಿನ್ನ ಕೈಬಿಟ್ಟ ಎಂದು ಜನ ಆಡಿಕೊಂಡರಂತೆ, ಅಂಥ ಹೊತ್ತಿನಲ್ಲಿ ಇಳಿದು ಬಂದ ಅಧ್ಯಾಯ ಇದು, ಆಗ ಎದೆ ಹಗುರಾಗಿ ಬಾಯಿಂದ ಬಂದ ಕೂಗು ಅದು. ಎಷ್ಟು ಚೆನ್ನಾಗಿ ಹೇಳಿಕೊಡುತ್ತಿದ್ದಳು, ಕೈ ಆಡಿಸಿ, ಕಣ್ಣರಳಿಸಿ, ಆ ಮೌನದ ದಿನಗಳಲ್ಲಿ ಅವರಿಗೆ ಹೇಗಾಗಿರಬಹುದು ಯೋಚನೆ ಮಾಡ್ರೇ ಎಂದು. ಯೋಚನೆ ಮಾಡಬೇಕಾದವರಲ್ಲಿ ತಾನೂ ಒಬ್ಬಳಿದ್ದಳು.

ಎದುರಿಗೇ ಯು ಕಸ್ಮಿನಾ, ಎಲ್ಲರಿಗೂ ಕಸ್ಮಿನಾ ಅಕ್ಕ. ಮೀನು ಹೊಗೆಯಾಡಿಸುವವಳು, ಮೈಯೆಲ್ಲ ತೆಂಗಿನ ಕರಟದ ಹೊಗೆ, ಒಂದು ಕಿವಿ ಪೂರ್ತಿ ಮಂದ, ಇನ್ನೊಂದು ಮನಸ್ಸು ಬಂದರೆ ಕೇಳುತ್ತದೆ, ತೀರ ಹತ್ತಿರ, ಮೈಕಿನ ಬುಡದಲ್ಲೇ ಕೂತಿದ್ದಾಳೆ ಅದಕ್ಕೇ, ಐವತ್ತು ದಾಟಿದ ಮೇಲೆ ಅಕ್ಷರ ಕಲಿಯುತ್ತೇನೆಂದು ಬಂದು ಹುಡುಗಿಯರ ನಡುವೆ ಕೂತವಳು, ಅವಳ ಬೆರಳು ಪುಟದ ಮೇಲೆ ಹೋಗುವುದನ್ನು ನೋಡಬೇಕು, ಕೆಸರಿನಲ್ಲಿ ಕಾಲಿಟ್ಟು ಕಿತ್ತು ನಡೆದ ಹಾಗೆ, ಯಾರು ಓದುತ್ತಿದ್ದರೂ ಯು ಕಸ್ಮಿನಾಳ ಬೆರಳು ಒಂದು ಸಾಲು ಹಿಂದೆಯೇ. ಯು, ಎಲ್ಲಿದೀರಾ ಎಂದು ಪಕ್ಕದವರು ಬೆಳಗಿನಿಂದ ಗೋಳು ಹೊಯ್ದುಕೊಂಡಿದ್ದಾರೆ, ನಾವು ಮಧ್ಯಾಹ್ನದ ಊಟಕ್ಕೆ ಬಂದ್ವಿ, ನೀವಿನ್ನೂ ಬೆಳಗಿನ ತಿಂಡೀಲಿದೀರಾ. ಹೋಗ್ರೇ ಹೋಗಿ, ನಿಮಗೆ ಬಸ್ಸು ಹಿಡಿಯೋದಿದೆಯೇನೋ, ನಾನು ನಡ್ಕೊಂಡೇ ಬರ್ತೀನಿ. ಹತ್ತನೆಯ ಭಾಗದಲ್ಲಿ ಗೊರಕೆ ಹೊಡೆದವರು ಯಾರು ಯು. ಗೊರಕೆ ಅಲ್ಲ, ಅದು ನನ್ನ ಧ್ಯಾನ, ನಿಮಗೆ ಬರಲ್ಲ ಬಿಡಿ. ಹಾಜ್ಜಾ ಮಸ್ತುರಾ ಕೂಡ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಿದ್ದರು. ನಗುವಿನ ನಡುವೆಯೂ ಆ ಬೆರಳು ಇಟ್ಟ ಜಾಗ ಬಿಟ್ಟಿರಲಿಲ್ಲ, ನೊಣ ಕೂತರೂ ಎಡಗೈಯಿಂದ ಓಡಿಸಿದಳೇ ಹೊರತು ಬಲಗೈ ಎತ್ತಲಿಲ್ಲ.

ಬಂತು. ಹಗಲೇರುವ ಹೊತ್ತು, ಇರುಳು ಕವಿಯುವ ಹೊತ್ತು, ನಾಲಿಗೆ ಮೆಲ್ಲಗೆ ಹೆಜ್ಜೆಯಿಡುತ್ತಿದೆ, ಕೈಬಿಟ್ಟಿಲ್ಲ, ಮುನಿದಿಲ್ಲ, ಆಯಿತು, ಮುಂದೆ ಬರುವುದು ಹಿಂದಿನದಕ್ಕಿಂತ ಮೇಲು, ಆಯಿತು, ಕೊಡುತ್ತಾನೆ, ನೀನು ತೃಪ್ತಿಪಡುತ್ತೀಯೆ, ಆಯಿತು, ಅನಾಥನ ಸಾಲು, ಸೌದೆ ರಾಶಿಯ ಮೇಲೆ ಕೂತ ಹುಡುಗಿ, ಗೆಣಸು, ಆಯಿತು, ದಾರಿ ತಪ್ಪಿದವನ ಸಾಲು, ಅರ್ಧ, ಆ ಅರ್ಧ ಆಯಿತು — ಇಲ್ಲ. ಮುಂದೇನೂ ಇಲ್ಲ. ಒಂದು ಪದ, ಮಗುವಿಗೂ ಬರುವ ಪದ, ಅದಿದ್ದ ಜಾಗದಲ್ಲಿ ಬೋಳು ಹಲಗೆ, ಮಂಚದ ಕಾಲಿಗೆ ಕೊಟ್ಟ ಇಟ್ಟಿಗೆ ಕಾಣುತ್ತಿದೆ, ಒಣಗಿದ ತುಟಿ ಕಾಣುತ್ತಿದೆ, ಪದ ಕಾಣುತ್ತಿಲ್ಲ, ಹಿಂದೆ ಹೋಗಿ ಓಡಿ ಬಂದರೆ ನೆಗೆಯಬಹುದು ಎಂದು ಆ ಸಾಲನ್ನು ಮೊದಲಿನಿಂದ ಹೇಳಿದಳು, ಅದೇ ಅಂಚು, ನಿಂತಳು, ಮತ್ತೆ ಹೇಳಿದಳು, ಮತ್ತೆ ಅಲ್ಲೇ. ಕೆಳಗೆ ನೀರು ತಳಬುಳ, ಅದೂ ಧ್ವನಿವರ್ಧಕದಲ್ಲಿ ಕೇಳುತ್ತಿರಬೇಕು, ದೋಣಿಗಳಲ್ಲಿದ್ದವರು ತಲೆಯೆತ್ತಿರಬೇಕು, ಬು ಜುಮ್ ನಿಂತುಬಿಟ್ಟರಲ್ಲ ಎಂದು. ಯಾರೂ ತಿದ್ದುತ್ತಿಲ್ಲ, ತಿದ್ದಬೇಕಾದವರೇ ಎಲ್ಲರೂ, ಆದರೆ ತಮಗೆ ಅಕ್ಷರ ಕಲಿಸಿದವಳಿಗೆ ಹಾಲುಗಲ್ಲದ ಮಕ್ಕಳ ಅಧ್ಯಾಯದಲ್ಲಿ ಪದ ಕೊಡುವುದು ಹೇಗೆ, ಮರ್ಯಾದೆ, ಎಲ್ಲರೂ ಕಣ್ಣು ಕೆಳಗೆ ಹಾಕಿದ್ದಾರೆ, ಹಾಜ್ಜಾ ಮಸ್ತುರಾ ಒಮ್ಮೆ ಕೆಮ್ಮಿದರು, ಅವರೂ ಕಾಯುತ್ತಿದ್ದಾರೆ, ಎಷ್ಟು ಹೊತ್ತಾಯಿತೋ, ಎದ್ದು ಹೋಗಿಬಿಡಲೇ, ಎಲ್ಲಿಗೆ ಹೋಗುವುದು, ಸುತ್ತ ನೀರು. ಓ ದೇವರೇ ಎಂದಳು ಒಳಗೇ, ಅದು ಓದಲ್ಲ, ಕಂಠಪಾಠವಲ್ಲ, ತಿಂಗಳುಗಳ ಮೇಲೆ ಅವಳ ಸ್ವಂತದ ಮಾತು ಅದೊಂದೇ.

ಆಗ ಆ ಬೆರಳು, ಒಂದು ಸಾಲು ಹಿಂದೆ ಇದ್ದ ಬೆರಳು, ಏನೂ ಅರಿಯದೆ, ಓದು ನಿಂತಿದ್ದೂ ಗೊತ್ತಿಲ್ಲದೆ, ತನ್ನ ನಡಿಗೆಯಲ್ಲಿ ಬರುತ್ತಿದೆ, ಕೈಬಿಟ್ಟಿಲ್ಲ ಎನ್ನುವಲ್ಲಿ ಇತ್ತು, ಈಗ ಅನಾಥನ ಸಾಲು ದಾಟುತ್ತಿದೆ, ಕಿವಿ ಕೇಳದವಳಿಗೆ ಮೌನವೂ ಕೇಳುವುದಿಲ್ಲ, ಎಲ್ಲರೂ ಬಾಯಿ ಬಿಡುವ ಹೊತ್ತು ಬಂತು ಅಂದುಕೊಂಡಳೋ ಏನೋ ಯು ಕಸ್ಮಿನಾ ಗಟ್ಟಿಯಾಗಿ, ಮೀನು ಮಾರುವ ದನಿಯಲ್ಲಿ, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದಳು, ದಾರಿ ತಪ್ಪಿದ ಅರ್ಧ, ಆಮೇಲೆ ಬೆರಳು ಒಂದು ಹೆಜ್ಜೆ ಸರಿದು, ಆ ಪದ. ಮೈಕು ಅದನ್ನು ಎತ್ತಿಕೊಂಡು ನೀರಿನ ಮೇಲೆಲ್ಲ ಎರಚಿತು. ಯಾರೋ ಕಿಸಕ್ಕೆಂದರು, ಅಯ್ಯೋ ಯು, ಸುಮ್ನಿರಿ ಎಂದು ಯಾರೋ ಅಂದರು, ಆದರೆ ಅಷ್ಟರಲ್ಲಿ ಇನ್ನೊಬ್ಬಳು ಅವಳ ಜೊತೆ ಸೇರಿದ್ದಳು, ಹಿಂದಿನ ಸಾಲು ಸೇರಿತು, ಬಾಗಿಲ ಬಳಿ ಮಗುವಿಗೆ ಹಾಲು ಕೊಡುತ್ತಿದ್ದವಳೂ ಸೇರಿದಳು, ಎಲ್ಲರಿಗೂ ಬರುವ ಅಧ್ಯಾಯವಲ್ಲವೇ, ಇಡೀ ಮಸೀದಿ ಅವಳ ಎದುರು ಕೂತು ಅವಳಿಗೇ ಅದನ್ನು ಹೇಳತೊಡಗಿತು — ಬಡವನಾಗಿದ್ದಾಗ ನೋಡಿ ಕೈತುಂಬ ಕೊಟ್ಟ ಸಾಲು, ಅನಾಥನನ್ನು ನೋಯಿಸಬೇಡ ಎನ್ನುವ ಸಾಲು, ಬೇಡಿ ಬಂದವರನ್ನು ಗದರಬೇಡ ಎನ್ನುವ ಸಾಲು, ಕೊನೆಯದು, ನಿನಗೆ ಸಿಕ್ಕಿದ್ದನ್ನು ನಾಲ್ಕು ಜನರಿಗೆ ಹೇಳು ಎನ್ನುವುದು.

ನೀನು. ಇಡೀ ಅಧ್ಯಾಯ ನೀನು ನೀನು ಎಂದೇ ಇದೆ. ಇಷ್ಟು ವರ್ಷ ಅವಳು ಅದನ್ನು ಹೇಳುವವಳಾಗಿದ್ದಳು, ಹುಡುಗಿಯರಿಗೆ ಹೇಳಿದಳು, ಮದುವೆ ಮನೆಗಳಲ್ಲಿ ಹೇಳಿದಳು, ಸಾಯುವವರ ಕಿವಿಯಲ್ಲಿ ಹೇಳಿದಳು, ನೀನು ಎನ್ನುವುದು ಯಾವಾಗಲೂ ಎದುರಿನವರು, ಕೇಳಿಸಿಕೊಂಡಿದ್ದು ಇದೇ ಮೊದಲು, ಅವಳ ಬಾಯಿ ಮುಚ್ಚಿರುವಾಗ, ಅವಳಿಗೆ ಬರದಿರುವಾಗ, ಹೊಗೆಯ ವಾಸನೆಯ, ಮೀನಿನ ವಾಸನೆಯ, ಹಾಲಿನ ವಾಸನೆಯ ಇಷ್ಟೊಂದು ಬಾಯಿಗಳು ಒಟ್ಟಿಗೆ ಅವಳಿಗೆ ಹೇಳುತ್ತಿವೆ, ನಿನ್ನನ್ನು ಕೈಬಿಟ್ಟಿಲ್ಲ, ನೀನು ಅನಾಥೆಯಾಗಿದ್ದೆ, ನೆರಳು ಸಿಗಲಿಲ್ಲವೇ — ಸಿಕ್ಕಿತು, ಸಿಕ್ಕಿತಲ್ಲ, ನ್ಯಾಯಿ ಸಿಕ್ಕಿದರು, ಸೌದೆ ರಾಶಿ ಸಿಕ್ಕಿತು, ಬಲೆ ಹೆಣೆಯುತ್ತ ತೂತು ಹುಡುಕುವ ಮನುಷ್ಯ ಸಿಕ್ಕಿದ, ಎಷ್ಟು ಮಧ್ಯಾಹ್ನಗಳು, ಅವನು ಹೋದ ಮೇಲೂ ಬಾಗಿಲಿಗೆ ಬಂದು ಅನ್ನ ಇಟ್ಟು ಹೋದವರು ಇವರೇ, ಗೋರಿಗೆ ಮಣ್ಣು ಹೊತ್ತವರು ಇವರ ಗಂಡಂದಿರೇ, ಆಚೆ ಕಡೆ ಯಾರೂ ಇಲ್ಲ ಎಂದು ಗೋಡೆಗೆ ಮುಖ ಮಾಡಿ ಕೂತಿದ್ದಳಲ್ಲ, ಬೆನ್ನ ಹಿಂದೆ ಇಷ್ಟು ಜನ ಕೂತಿದ್ದರು. ಕಣ್ಣಲ್ಲಿ ನೀರು, ಈಗ ಯಾವ ಎಣ್ಣೆಯದೂ ಅಲ್ಲ, ನಿಜವಾದ ನೀರು, ಮೂಗೂ ಸೋರುತ್ತಿದೆ, ನಾಚಿಕೆಯಿಲ್ಲದೆ ಸೋರಲಿ, ಕೃತಜ್ಞತೆ ಎನ್ನುವುದು ಇಷ್ಟು ಜೋರಾಗಿ, ಹಸಿವಿನ ಹಾಗೆ ಹೊಟ್ಟೆಯಿಂದಲೇ ಏಳುತ್ತದೆಂದು ಅವಳಿಗೆ ಮರೆತೇಹೋಗಿತ್ತು. ಅಲ್ಲಾಹು ಅಕ್ಬರ್, ಎಲ್ಲರೂ ಒಟ್ಟಿಗೆ ಕೂಗಿದರು, ಹಲಗೆ ನೆಲ ಅದುರಿತು, ಆಚೆ ದೋಣಿಗಳಿಂದ ಗಂಡಸರೂ ಕೂಗಿದ್ದು ಕೇಳಿಸಿತು. ಗಂಟಲು ಸರಿಯಿಲ್ಲ ಎನ್ನುವ ಸುಳ್ಳು ಎಲ್ಲಿಟ್ಟಿದ್ದಳೋ ಈಗ ಸಿಗುತ್ತಿಲ್ಲ, ಸಿಗದಿದ್ದರೆ ಒಳ್ಳೆಯದೇ ಆಯಿತು.

ಮುಂದಿನದು ಎದೆ ತೆರೆದುಕೊಳ್ಳುವ ಅಧ್ಯಾಯ, ಅದಕ್ಕೆ ಉಸಿರೆಳೆದುಕೊಂಡಳು, ಅಷ್ಟರಲ್ಲಿ ಯು ಕಸ್ಮಿನಾ, ಪಕ್ಕದವರು ಕೇಳುವ ಕಿವಿಯಲ್ಲಿ ನಡೆದದ್ದು ಹೇಳಿದರೋ ಏನೋ, ಕೈ ಅಡ್ಡ ಹಿಡಿದಳು, ಎಡಗೈ. ಬು, ಎಲ್ಲಿಗೆ ಹೊರಟ್ರಿ. ಮುಂದಿನದಕ್ಕೆ ಯು. ಇದು ಆಗಿಲ್ವಲ್ಲ. ಆಯ್ತಲ್ಲ ಯು, ಎಲ್ಲರೂ ಹೇಳಿದ್ರಿ. ನಾವು ಹೇಳಿದ್ದು ನಾವು ಹೇಳಿದ್ವಿ, ಅದು ಲೆಕ್ಕಕ್ಕಿಲ್ಲ, ಇವತ್ತು ಒಪ್ಪಿಸ್ತಾ ಇರೋರು ನೀವು, ನೀವು ಹೇಳದೆ ಗ್ರಂಥ ಪೂರ್ತಿ ಆಗಲ್ಲ, ನೀವೇ ಕಲಿಸಿದ್ದು, ಒಂದು ಪದ ಬಿಟ್ಟರೂ ಊರು ಸೇರಿದ ಹಾಗಲ್ಲ ಅಂತ. ಅದು ಕಾಂಗ್ ಮಸ್ಕುರ್‌ನ ಮಾತು, ತಾನು ಕದ್ದು ಪಾಠದಲ್ಲಿ ಹೇಳಿದ್ದು, ಇವಳಲ್ಲಿ ಹೋಗಿ ಕೂತಿದೆ. ಹೌದು ಜುಮ್, ಕಸ್ಮಿನಾ ಹೇಳಿದ್ದು ಸರಿ, ನಿಧಾನಕ್ಕೆ ಹೇಳು, ನಮಗೇನು ಅವಸರ ಎಂದರು ಹಾಜ್ಜಾ ಮಸ್ತುರಾ, ಕಣ್ಣು ಒರೆಸಿಕೊಳ್ಳುತ್ತ, ಅವರಿಗೇನಾಯಿತೋ. ಜುಮ್ರೊತುನ್ ತಲೆ ಬಗ್ಗಿಸಿದಳು, ನೆನಪಿನಿಂದ ಹೇಳುವವಳು ಪುಟ ನೋಡಬಾರದು, ಪುಟ ನೋಡಲಿಲ್ಲ, ಬೆರಳನ್ನು ನೋಡಿದಳು, ಎಲ್ಲರೂ ಅಧ್ಯಾಯ ಮುಗಿಸಿ ಕೂಗಿದ್ದಾಯಿತು, ಅದು ಮಾತ್ರ ಮುಂದೆ ಹೋಗಿಲ್ಲ, ಆ ಪದದ ಕೆಳಗೇ ಇದೆ, ಹೊಗೆಗೆ ಕಂದಿದ ಉಗುರು, ಮೀನಿನ ಮುಳ್ಳು ಗೀರಿದ ಚರ್ಮ, ಒತ್ತಿ ಹಿಡಿದು ತುದಿ ಬಿಳುಪೇರಿದೆ, ಇಷ್ಟು ತಿಂಗಳೂ ಅಲ್ಲೇ ಇತ್ತೋ ಎನ್ನುವ ಹಾಗೆ, ಅವಳು ಬರುವವರೆಗೆ ಕದಲುವುದಿಲ್ಲ ಎನ್ನುವ ಹಾಗೆ, ಬಾಯಿ ತೆರೆದಳು, ಬೆರಳು ಅಲ್ಲೇ, ಆ ಒಂದು ಪದದ ಕೆಳಗೆ, ಬೆರಳು.